ವಯಸ್ಕರ ಮರುಕಳಿಸಿದ ತೀವ್ರ ಲ್ಯುಕೇಮಿಯಾದಲ್ಲಿ ವರ್ಣತಂತು ಬದಲಾವಣೆಗಳು

ತೀವ್ರ ಲ್ಯುಕೇಮಿಯಾ ಎಂಬುದು ಅಸ್ಥಿಮಜ್ಜೆಯಲ್ಲಿ ಹುಟ್ಟಿ ವೇಗವಾಗಿ ಬೆಳೆಯುವ ರಕ್ತದ ಕ್ಯಾನ್ಸರ್ ಆಗಿದೆ. ಚಿಕಿತ್ಸೆಯಿಂದ ಶಮನಗೊಂಡ ರೋಗ ಮತ್ತೆ ಕಾಣಿಸಿಕೊಳ್ಳುವುದನ್ನು ಮರುಕಳಿಕೆ ಎನ್ನುತ್ತಾರೆ. ಈ ರೋಗದ ಜೀವಕೋಶಗಳಲ್ಲಿ ವರ್ಣತಂತುಗಳ ಸಂಖ್ಯೆ ಅಥವಾ ರಚನೆ ಬದಲಾಗಿರುವುದು ಸಾಮಾನ್ಯ. ಯಾವ ಬದಲಾವಣೆ ಆಗಿದೆ ಎಂಬುದನ್ನು ಆಧರಿಸಿ ವೈದ್ಯರು ರೋಗದ ಮುಂದಿನ ಗತಿಯನ್ನು ಅಂದಾಜು ಮಾಡುತ್ತಾರೆ. ಈ ಅಂದಾಜಿಗೆ ಮುನ್ನರಿವು ಎಂದು ಹೆಸರು.

ಮರುಕಳಿಕೆಯ ಸಂದರ್ಭದಲ್ಲಿ ವರ್ಣತಂತು ಪರೀಕ್ಷೆಗೆ ಎರಡು ಬಗೆಯ ಮಹತ್ವವಿದೆ. ಮೊದಲ ಬಾರಿ ರೋಗ ಪತ್ತೆಯಾದಾಗ ಬಂದ ವರದಿ ಮುನ್ನರಿವಿನ ಲೆಕ್ಕಾಚಾರಕ್ಕೆ ಬೇಕಾಗುತ್ತದೆ. ಮರುಕಳಿಸಿದಾಗ ಹೊಸದಾಗಿ ಮಾಡುವ ಪರೀಕ್ಷೆ, ರೋಗ ಈ ನಡುವೆ ಹೇಗೆ ಬದಲಾಗಿದೆ ಎಂಬುದನ್ನೂ ಯಾವ ಔಷಧಕ್ಕೆ ಬಗ್ಗಬಹುದು ಎಂಬುದನ್ನೂ ತಿಳಿಸುತ್ತದೆ. ಎರಡೂ ವರದಿಗಳನ್ನು ಜೊತೆಯಲ್ಲಿಟ್ಟು ಓದಿದಾಗ ಮಾತ್ರ ಪೂರ್ಣ ಚಿತ್ರ ದೊರೆಯುತ್ತದೆ.

ರೋಗದ ಪರಿಚಯ

ಮೂಳೆಗಳ ಒಳಗಿನ ಮೃದುವಾದ ಅಸ್ಥಿಮಜ್ಜೆಯಲ್ಲಿ ಕೆಂಪು ರಕ್ತಕಣಗಳು, ಬಿಳಿ ರಕ್ತಕಣಗಳು ಹಾಗೂ ಕಿರುಫಲಕಗಳು ತಯಾರಾಗುತ್ತವೆ. ತೀವ್ರ ಲ್ಯುಕೇಮಿಯಾದಲ್ಲಿ ಪಕ್ವವಾಗದ ಎಳೆಯ ಕಣಗಳು ಲೆಕ್ಕವಿಲ್ಲದೆ ಹೆಚ್ಚಿ ಮಜ್ಜೆಯನ್ನು ಆಕ್ರಮಿಸುತ್ತವೆ. ಈ ಎಳೆಯ ಕಣಗಳನ್ನು ಬ್ಲಾಸ್ಟ್‌ಗಳು ಎನ್ನುತ್ತಾರೆ. ಇದರಿಂದಾಗಿ ರಕ್ತಹೀನತೆ, ಪದೇ ಪದೇ ಜ್ವರ, ಸೋಂಕು, ಒಸಡಿನಲ್ಲಿ ಮತ್ತು ಚರ್ಮದಡಿಯಲ್ಲಿ ರಕ್ತಸ್ರಾವ ಕಾಣಿಸಿಕೊಳ್ಳುತ್ತವೆ. ಸಾಮಾನ್ಯವಾಗಿ ಮಜ್ಜೆಯಲ್ಲಿ ಬ್ಲಾಸ್ಟ್‌ಗಳು ಶೇಕಡಾ 20 ಅಥವಾ ಅದಕ್ಕಿಂತ ಹೆಚ್ಚಿದ್ದರೆ ತೀವ್ರ ಲ್ಯುಕೇಮಿಯಾ ಎಂದು ನಿರ್ಣಯಿಸಲಾಗುತ್ತದೆ.

ಇದರಲ್ಲಿ ಎರಡು ಮುಖ್ಯ ವಿಧಗಳಿವೆ. ತೀವ್ರ ಮೈಲಾಯ್ಡ್ ಲ್ಯುಕೇಮಿಯಾ (ಎಎಂಎಲ್) ವಯಸ್ಕರಲ್ಲಿ ಹೆಚ್ಚು ಕಂಡುಬರುತ್ತದೆ. ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ (ಎಎಲ್ಎಲ್) ಮಕ್ಕಳಲ್ಲಿ ಹೆಚ್ಚಾಗಿದ್ದರೂ ವಯಸ್ಕರಿಗೂ ಬರುತ್ತದೆ. ವಯಸ್ಕರಲ್ಲಿ ಅದನ್ನು ಗುಣಪಡಿಸುವುದು ಮಕ್ಕಳಲ್ಲಿ ಗುಣಪಡಿಸುವುದಕ್ಕಿಂತ ಕಷ್ಟಕರ.

ಚಿಕಿತ್ಸೆಯ ನಂತರ ಮಜ್ಜೆಯ ಬ್ಲಾಸ್ಟ್‌ಗಳು ಶೇಕಡಾ 5ಕ್ಕಿಂತ ಕಡಿಮೆಯಾಗಿ ಇತರ ರಕ್ತಕಣಗಳು ಸಹಜ ಮಟ್ಟಕ್ಕೆ ಮರಳಿದರೆ ಅದನ್ನು ಪೂರ್ಣ ಶಮನ ಎನ್ನಲಾಗುತ್ತದೆ. ಶಮನ ಎಂದರೆ ರೋಗ ಸಂಪೂರ್ಣ ಅಳಿಯಿತೆಂದು ಅರ್ಥವಲ್ಲ. ಸೂಕ್ಷ್ಮದರ್ಶಕಕ್ಕೆ ಕಾಣದಷ್ಟು ಅಲ್ಪ ಸಂಖ್ಯೆಯಲ್ಲಿ ರೋಗಕಣಗಳು ಉಳಿದಿರಬಹುದು. ಅವು ಮತ್ತೆ ಬೆಳೆದು ಮಜ್ಜೆಯಲ್ಲಿ ಶೇಕಡಾ 5 ಅಥವಾ ಅದಕ್ಕಿಂತ ಹೆಚ್ಚಾದಾಗ, ರಕ್ತದಲ್ಲಿ ಪುನಃ ಕಾಣಿಸಿಕೊಂಡಾಗ, ಅಥವಾ ಮೆದುಳು, ಚರ್ಮ ಮುಂತಾದ ಅಂಗಗಳಲ್ಲಿ ಗೋಚರಿಸಿದಾಗ ರೋಗ ಮರುಕಳಿಸಿದೆ ಎಂದು ತೀರ್ಮಾನಿಸಲಾಗುತ್ತದೆ.

ವರ್ಣತಂತು ಬದಲಾವಣೆಗಳ ಬಗೆಗಳು

ಮನುಷ್ಯನ ಸಾಮಾನ್ಯ ಜೀವಕೋಶದಲ್ಲಿ 46 ವರ್ಣತಂತುಗಳಿವೆ. ಇವನ್ನು 46 ಸಂಪುಟಗಳ ಗ್ರಂಥಕ್ಕೆ ಹೋಲಿಸಬಹುದು. ಲ್ಯುಕೇಮಿಯಾ ಕಣಗಳಲ್ಲಿ ಈ ಗ್ರಂಥ ಹಲವು ರೀತಿಯಲ್ಲಿ ಕೆಡುತ್ತದೆ.

* ಸ್ಥಳಾಂತರ: ಒಂದು ವರ್ಣತಂತುವಿನ ತುಂಡು ಮುರಿದು ಮತ್ತೊಂದಕ್ಕೆ ಅಂಟಿಕೊಳ್ಳುವುದು. ಒಂದು ಸಂಪುಟದ ಹಾಳೆಗಳನ್ನು ಇನ್ನೊಂದರಲ್ಲಿ ಸೇರಿಸಿ ಹೊಲಿದಂತೆ. ವರದಿಯಲ್ಲಿ ಇದನ್ನು ‘ಟಿ’ ಅಕ್ಷರದಿಂದ ಸೂಚಿಸುತ್ತಾರೆ. ಉದಾಹರಣೆಗೆ, ಟಿ(8;21) ಎಂದರೆ 8 ಮತ್ತು 21ನೆಯ ವರ್ಣತಂತುಗಳ ನಡುವಿನ ವಿನಿಮಯ.
* ವಿಲೋಮ: ವರ್ಣತಂತುವಿನ ಒಂದು ಭಾಗ ತಲೆಕೆಳಗಾಗಿ ಕೂಡಿಕೊಳ್ಳುವುದು. ಇದರ ಸಂಕೇತ ‘ಇನ್ವ್’.
* ಲೋಪ: ವರ್ಣತಂತುವಿನ ಒಂದು ಭಾಗ ಕಳೆದುಹೋಗುವುದು. ಇದರ ಸಂಕೇತ ‘ಡೆಲ್’.
* ಸಂಖ್ಯಾ ವ್ಯತ್ಯಾಸ: ಇಡೀ ವರ್ಣತಂತು ಕಡಿಮೆಯಾಗುವುದು ಅಥವಾ ಹೆಚ್ಚಾಗುವುದು. ‘-7’ ಎಂದರೆ 7ನೆಯ ವರ್ಣತಂತುಗಳಲ್ಲಿ ಒಂದು ಇಲ್ಲ. ‘+8’ ಎಂದರೆ 8ನೆಯದು ಒಂದು ಹೆಚ್ಚಾಗಿದೆ.
* ಸಂಕೀರ್ಣ ಬದಲಾವಣೆ: ಒಂದೇ ರೋಗಕಣದಲ್ಲಿ ಹಲವು ಬದಲಾವಣೆಗಳು ಒಟ್ಟಿಗೆ ಇರುವುದು. ಎಎಂಎಲ್‌ನಲ್ಲಿ ಮೂರು ಅಥವಾ ಹೆಚ್ಚು, ಎಎಲ್ಎಲ್‌ನಲ್ಲಿ ಸಾಮಾನ್ಯವಾಗಿ ಐದು ಅಥವಾ ಹೆಚ್ಚು ಬದಲಾವಣೆಗಳಿದ್ದರೆ ಈ ಹೆಸರು ಸಲ್ಲುತ್ತದೆ.

ಈ ಬದಲಾವಣೆಗಳು ರೋಗಕಣಗಳಲ್ಲಿ ಮಾತ್ರ ಇರುತ್ತವೆ. ಬಹುತೇಕ ರೋಗಿಗಳಲ್ಲಿ ಇವು ತಂದೆ-ತಾಯಿಯಿಂದ ಬಂದವಲ್ಲ ಹಾಗೂ ಮಕ್ಕಳಿಗೆ ಹೋಗುವುದಿಲ್ಲ. ‘ವರ್ಣತಂತು ದೋಷ’ ಎಂಬ ಮಾತನ್ನು ಕೇಳಿದ ಕೂಡಲೇ ಅದನ್ನು ವಂಶದ ದೋಷವೆಂದು ಭಾವಿಸುವುದು ತಪ್ಪು ತಿಳಿವಳಿಕೆ.

ಇತಿಹಾಸ

ವರ್ಣತಂತುಗಳ ಅಸಹಜತೆಯೇ ಕ್ಯಾನ್ಸರಿಗೆ ಕಾರಣವಾಗಿರಬಹುದು ಎಂಬ ವಿಚಾರವನ್ನು ಜರ್ಮನಿಯ ಜೀವವಿಜ್ಞಾನಿ ಥಿಯೊಡೋರ್ ಬೊವೆರಿ 1914ರಲ್ಲಿ ಮಂಡಿಸಿದರು. ಮನುಷ್ಯನ ವರ್ಣತಂತುಗಳು 46 ಎಂಬುದು ಖಚಿತವಾದದ್ದು 1956ರಲ್ಲಿ, ಜೋ ಹಿನ್ ಟಿಜಿಯೊ ಮತ್ತು ಆಲ್ಬರ್ಟ್ ಲೆವಾನ್ ಅವರ ಸಂಶೋಧನೆಯಿಂದ. 1960ರಲ್ಲಿ ಅಮೆರಿಕದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಅವರು ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾದ ರೋಗಿಗಳಲ್ಲಿ ಅಸಹಜವಾಗಿ ಚಿಕ್ಕದಾದ ವರ್ಣತಂತುವೊಂದನ್ನು ಗುರುತಿಸಿದರು. ಅದಕ್ಕೆ ಫಿಲಡೆಲ್ಫಿಯಾ ವರ್ಣತಂತು ಎಂಬ ಹೆಸರು ಬಂದಿತು.

1973ರಲ್ಲಿ ಶಿಕಾಗೊದ ವೈದ್ಯೆ ಜಾನೆಟ್ ರೌಲಿ ಅವರು ಅದು 9 ಮತ್ತು 22ನೆಯ ವರ್ಣತಂತುಗಳ ನಡುವಿನ ಸ್ಥಳಾಂತರ ಎಂದು ತೋರಿಸಿದರು. ಎಎಂಎಲ್‌ನಲ್ಲಿ ಕಾಣುವ ಟಿ(8;21) ಸ್ಥಳಾಂತರವನ್ನೂ ಅದೇ ವರ್ಷ ಅವರೇ ವಿವರಿಸಿದರು. 1976ರಲ್ಲಿ ನೋವೆಲ್ ಅವರು ಕ್ಯಾನ್ಸರ್ ಕಣಗಳ ಸಮೂಹ ಕಾಲಕ್ರಮದಲ್ಲಿ ಹೊಸ ಹೊಸ ಬದಲಾವಣೆಗಳನ್ನು ಪಡೆದು ವಿಕಾಸ ಹೊಂದುತ್ತದೆ ಎಂದು ಪ್ರತಿಪಾದಿಸಿದರು. ಮರುಕಳಿಕೆಯನ್ನು ಅರ್ಥಮಾಡಿಕೊಳ್ಳಲು ಇಂದಿಗೂ ಈ ವಿಚಾರವೇ ಬುನಾದಿಯಾಗಿದೆ.

ಪರೀಕ್ಷಾ ವಿಧಾನಗಳು

ಕ್ಯಾರಿಯೊಟೈಪ್ ಪರೀಕ್ಷೆ ಇವುಗಳಲ್ಲಿ ಹಳೆಯದು ಹಾಗೂ ಮೂಲಭೂತವಾದುದು. ಸೊಂಟದ ಮೂಳೆಯಿಂದ ತೆಗೆದ ಮಜ್ಜೆಯ ಮಾದರಿಯನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಜೀವಕೋಶಗಳು ವಿಭಜನೆಯಾಗುತ್ತಿರುವ ಹಂತದಲ್ಲಿ ಅವನ್ನು ತಡೆದು, ಬಣ್ಣ ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಲಾಗುತ್ತದೆ. ಸಾಮಾನ್ಯವಾಗಿ 20 ಕೋಶಗಳನ್ನು ವಿಶ್ಲೇಷಿಸುತ್ತಾರೆ. ಎಲ್ಲ ವರ್ಣತಂತುಗಳನ್ನೂ ಒಮ್ಮೆಗೇ ನೋಡಬಹುದಾದುದು ಇದರ ಅನುಕೂಲ. ಜೀವಂತ ಕೋಶಗಳು ಬೇಕಾಗುವುದು ಹಾಗೂ ವರದಿಗೆ ಹಲವು ದಿನಗಳು ಹಿಡಿಯುವುದು ಇದರ ತೊಡಕು.

ಫಿಶ್ ಪರೀಕ್ಷೆಯಲ್ಲಿ ಹೊಳೆಯುವ ರಾಸಾಯನಿಕ ಗುರುತುಗಳನ್ನು ಬಳಸಿ ನಿರ್ದಿಷ್ಟ ಬದಲಾವಣೆಯನ್ನು ಹುಡುಕಲಾಗುತ್ತದೆ. ಕೋಶಗಳು ವಿಭಜನೆಯಾಗುತ್ತಿರಬೇಕೆಂಬ ನಿಯಮ ಇದಕ್ಕಿಲ್ಲ. ವರದಿಯೂ ಬೇಗ ಬರುತ್ತದೆ. ಆದರೆ ಯಾವುದನ್ನು ಹುಡುಕುತ್ತೇವೆಯೋ ಅದು ಮಾತ್ರ ಕಾಣುತ್ತದೆ. ಪಿಸಿಆರ್ ಪರೀಕ್ಷೆ ಸ್ಥಳಾಂತರದಿಂದ ಹುಟ್ಟಿದ ಮಿಶ್ರ ವಂಶವಾಹಿಯನ್ನು ಅತ್ಯಲ್ಪ ಪ್ರಮಾಣದಲ್ಲಿದ್ದರೂ ಪತ್ತೆಹಚ್ಚಬಲ್ಲದು. ವಂಶವಾಹಿಗಳ ಅನುಕ್ರಮ ಪರೀಕ್ಷೆಗಳು ವರ್ಣತಂತು ಮಟ್ಟದಲ್ಲಿ ಕಾಣದ ಸೂಕ್ಷ್ಮ ರೂಪಾಂತರಗಳನ್ನು ತೋರಿಸುತ್ತವೆ. ಈ ಪರೀಕ್ಷೆಗಳು ಒಂದಕ್ಕೊಂದು ಪೂರಕವಾಗಿವೆ.

ಮೊದಲ ಪತ್ತೆಯ ವೇಳೆಯ ವರ್ಗೀಕರಣ

1998ರಲ್ಲಿ ಪ್ರಕಟವಾದ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 1,612 ಎಎಂಎಲ್ ರೋಗಿಗಳ ಮಾಹಿತಿಯನ್ನು ಪರಿಶೀಲಿಸಿ, ವರ್ಣತಂತುಗಳ ಆಧಾರದ ಮೇಲೆ ರೋಗಿಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿತು. ಇಂದು ಬಳಕೆಯಲ್ಲಿರುವ ಯುರೋಪಿಯನ್ ಲ್ಯುಕೇಮಿಯಾ ನೆಟ್ ವರ್ಗೀಕರಣವೂ ಇದೇ ಜಾಡಿನದು. 2010, 2017 ಮತ್ತು 2022ರಲ್ಲಿ ಹೊರಬಂದ ಅದರ ಆವೃತ್ತಿಗಳು ವಂಶವಾಹಿ ರೂಪಾಂತರಗಳನ್ನೂ ಸೇರಿಸಿಕೊಂಡಿವೆ. ಎಎಂಎಲ್‌ನ ಮುಖ್ಯ ವರ್ಣತಂತು ಗುಂಪುಗಳು ಹೀಗಿವೆ:

* ಅನುಕೂಲಕರ: ಟಿ(8;21), ಇನ್ವ್(16). ಟಿ(15;17) ಇರುವ ಪ್ರೋಮೈಲೊಸೈಟಿಕ್ ಲ್ಯುಕೇಮಿಯಾವನ್ನು ಪ್ರತ್ಯೇಕ ಉಪವಿಧವೆಂದು ಪರಿಗಣಿಸಿ ಬೇರೆಯೇ ಚಿಕಿತ್ಸೆ ಕೊಡಲಾಗುತ್ತದೆ.
* ಮಧ್ಯಮ: ಟಿ(9;11), ಹಾಗೂ ವರ್ಣತಂತುಗಳು ಸಹಜವಾಗಿಯೇ ಕಾಣುವ ಅನೇಕ ಪ್ರಕರಣಗಳು. ಸಹಜವಾಗಿ ಕಂಡವರಲ್ಲಿ ವಂಶವಾಹಿ ರೂಪಾಂತರಗಳು ಗುಂಪನ್ನು ಬದಲಿಸಬಹುದು.
* ಪ್ರತಿಕೂಲ: -5 ಅಥವಾ 5ನೆಯ ವರ್ಣತಂತುವಿನ ಉದ್ದತೋಳಿನ ಲೋಪ, -7, 17ನೆಯ ವರ್ಣತಂತುವಿನ ಗಿಡ್ಡತೋಳಿನ ದೋಷ, ಇನ್ವ್(3), ಟಿ(6;9), ಸಂಕೀರ್ಣ ಬದಲಾವಣೆ.

ವಯಸ್ಕರ ಎಎಲ್ಎಲ್‌ನಲ್ಲಿ ಫಿಲಡೆಲ್ಫಿಯಾ ವರ್ಣತಂತು, ಅಂದರೆ ಟಿ(9;22), ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇರುತ್ತದೆ. ವಯಸ್ಸು ಹೆಚ್ಚಿದಂತೆ ಈ ಪ್ರಮಾಣವೂ ಹೆಚ್ಚುತ್ತದೆ. ಟಿ(4;11), ವರ್ಣತಂತುಗಳ ಸಂಖ್ಯೆ 30ರಿಂದ 39ಕ್ಕೆ ಇಳಿದಿರುವುದು ಹಾಗೂ ಸಂಕೀರ್ಣ ಬದಲಾವಣೆ ಪ್ರತಿಕೂಲ ಸೂಚನೆಗಳಾಗಿವೆ. ಮಕ್ಕಳಲ್ಲಿ ಒಳ್ಳೆಯ ಸೂಚನೆಯಾದ ಟಿ(12;21) ವಯಸ್ಕರಲ್ಲಿ ಅಪರೂಪ. ವಯಸ್ಕರಲ್ಲಿ ಎಎಲ್ಎಲ್ ಕಠಿಣವಾಗಿರಲು ಇದೂ ಒಂದು ಕಾರಣ.

ಮರುಕಳಿಕೆಯಲ್ಲಿ ಕಂಡುಬರುವ ಬದಲಾವಣೆಗಳು

ಸೋಯಾಬೀನ್ ಹೊಲಕ್ಕೆ ಕಳೆನಾಶಕ ಸಿಂಪಡಿಸಿದಾಗ ಹೆಚ್ಚಿನ ಕಳೆ ಸಾಯುತ್ತದೆ. ಔಷಧವನ್ನು ತಡೆದುಕೊಂಡ ನಾಲ್ಕಾರು ಗಿಡಗಳು ಉಳಿದರೆ ಮುಂದಿನ ಬಾರಿ ಅವುಗಳ ಸಂತಾನವೇ ಹೊಲವನ್ನು ತುಂಬುತ್ತದೆ. ಲ್ಯುಕೇಮಿಯಾ ಮರುಕಳಿಸುವ ಬಗೆಯೂ ಬಹುಮಟ್ಟಿಗೆ ಹೀಗೆಯೇ ಇದೆ. ಎಂಟು ಎಎಂಎಲ್ ರೋಗಿಗಳ ರೋಗಕಣಗಳ ಪೂರ್ಣ ಜೀನೋಮನ್ನು ಮೊದಲ ಪತ್ತೆಯಲ್ಲಿಯೂ ಮರುಕಳಿಕೆಯಲ್ಲಿಯೂ ಓದಿದ ಅಮೆರಿಕದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಅದರಲ್ಲಿ ಎರಡು ಮಾದರಿಗಳು ಕಂಡುಬಂದವು. ಕೆಲವರಲ್ಲಿ ಮೂಲ ಕಣಸಮೂಹವೇ ಹೊಸ ರೂಪಾಂತರಗಳನ್ನು ಗಳಿಸಿ ಹಿಂದಿರುಗಿತ್ತು. ಉಳಿದವರಲ್ಲಿ, ಮೊದಲಿನಿಂದಲೂ ಇದ್ದ ಉಪಸಮೂಹವೊಂದು ಚಿಕಿತ್ಸೆಯಿಂದ ಪಾರಾಗಿ, ಹೊಸ ರೂಪಾಂತರಗಳೊಡನೆ ಬೆಳೆದಿತ್ತು.

ಹಳೆಯ ಮತ್ತು ಹೊಸ ವರದಿಗಳನ್ನು ಹೋಲಿಸಿದಾಗ ಸಾಮಾನ್ಯವಾಗಿ ನಾಲ್ಕು ಸಾಧ್ಯತೆಗಳು ಎದುರಾಗುತ್ತವೆ:

* ಬದಲಾವಣೆ ಮೊದಲಿನಂತೆಯೇ ಇರುವುದು.
* ಹಳೆಯ ಬದಲಾವಣೆಯ ಜೊತೆಗೆ ಹೊಸವು ಸೇರಿರುವುದು. ಇದನ್ನು ಕಣಸಮೂಹದ ವಿಕಾಸ ಎನ್ನುತ್ತಾರೆ. ಹೊಸದಾಗಿ 17ನೆಯ ವರ್ಣತಂತುವಿನ ಗಿಡ್ಡತೋಳು ಕಳೆದುಹೋಗಿದ್ದರೆ ಅಥವಾ ಚಿತ್ರ ಸಂಕೀರ್ಣವಾಗಿದ್ದರೆ ರೋಗ ಔಷಧಕ್ಕೆ ಬಗ್ಗುವುದು ಕಷ್ಟ.
* ಕೆಲವು ಬದಲಾವಣೆಗಳು ಮಾಯವಾಗಿರುವುದು. ಅವುಗಳನ್ನು ಹೊತ್ತ ಉಪಸಮೂಹ ನಾಶವಾಗಿ ಬೇರೊಂದು ಉಳಿದಿದೆ ಎಂದರ್ಥ.
* ಹಳೆಯದಕ್ಕೆ ಸಂಬಂಧವೇ ಇಲ್ಲದ ಹೊಸ ಬದಲಾವಣೆ ಇರುವುದು. ಆಗ ಇದು ಹಳೆಯ ರೋಗದ ಮರುಕಳಿಕೆಯೋ, ಹಿಂದಿನ ಕಿಮೋಥೆರಪಿಯಿಂದ ಹುಟ್ಟಿದ ಬೇರೆ ಲ್ಯುಕೇಮಿಯಾವೋ ಎಂಬುದನ್ನು ಪರಿಶೀಲಿಸಬೇಕಾಗುತ್ತದೆ. ಕೆಲವು ಕಿಮೋ ಔಷಧಗಳ ನಂತರ 11ನೆಯ ವರ್ಣತಂತುವಿನ ಉದ್ದತೋಳಿನಲ್ಲಿ ಸ್ಥಳಾಂತರ ಕಾಣಿಸಿಕೊಳ್ಳುವುದು ತಿಳಿದ ಸಂಗತಿ.

ದಾನಿಯಿಂದ ಅಸ್ಥಿಮಜ್ಜೆ ಕಸಿ ಪಡೆದವರಲ್ಲಿ ವಿಶೇಷ ಬದಲಾವಣೆಯೊಂದು ಕಂಡುಬಂದಿದೆ. ಅಂಗಾಂಶ ಹೊಂದಾಣಿಕೆಯ ವಂಶವಾಹಿಗಳು 6ನೆಯ ವರ್ಣತಂತುವಿನ ಗಿಡ್ಡತೋಳಿನಲ್ಲಿವೆ. ಅರ್ಧ ಹೊಂದಾಣಿಕೆಯ ಬಂಧುವಿನಿಂದ ಕಸಿ ಮಾಡಿದಾಗ, ದಾನಿಯ ಪ್ರತಿರಕ್ಷಣಾ ಕಣಗಳು ರೋಗಿಯಲ್ಲಿರುವ ಹೊಂದಿಕೆಯಾಗದ ಪ್ರತಿಯನ್ನು ಗುರುತಿಸಿ ರೋಗಕಣಗಳ ಮೇಲೆ ದಾಳಿ ಮಾಡುತ್ತವೆ. ಕೆಲವರಲ್ಲಿ ರೋಗಕಣಗಳು ಆ ಪ್ರತಿಯನ್ನು ಕಳೆದುಕೊಂಡು, ದಾನಿಗೆ ಹೊಂದುವ ಪ್ರತಿಯನ್ನೇ ಎರಡಾಗಿಸಿಕೊಂಡು ಅಡಗಿಕೊಳ್ಳುತ್ತವೆ. ಇದನ್ನು 2009ರಲ್ಲಿ ಇಟಲಿಯ ಸಂಶೋಧಕರು ವಿವರಿಸಿದರು. ವರ್ಣತಂತುಗಳ ಸಂಖ್ಯೆ ಬದಲಾಗದ ಕಾರಣ ಸಾಮಾನ್ಯ ಕ್ಯಾರಿಯೊಟೈಪ್‌ನಲ್ಲಿ ಇದು ಕಾಣುವುದಿಲ್ಲ. ಇಂಥ ಮರುಕಳಿಕೆಯಲ್ಲಿ ಅದೇ ದಾನಿಯ ಬಿಳಿ ರಕ್ತಕಣಗಳನ್ನು ಮತ್ತೆ ಕೊಡುವುದರಿಂದ ಪ್ರಯೋಜನ ಕಡಿಮೆ.

ಮರುಕಳಿಕೆಯ ನಂತರದ ಮುನ್ನರಿವು

ವಯಸ್ಕರಲ್ಲಿ ತೀವ್ರ ಲ್ಯುಕೇಮಿಯಾ ಮರುಕಳಿಸುವುದು ಗಂಭೀರ ಸಂಗತಿ. ಆದರೂ ಎಲ್ಲ ರೋಗಿಗಳ ಸ್ಥಿತಿ ಒಂದೇ ಅಲ್ಲ. ಎಎಂಎಲ್‌ಗೆ ಸಂಬಂಧಿಸಿ 2005ರಲ್ಲಿ ಪ್ರಕಟವಾದ ಯುರೋಪಿನ ಸೂಚ್ಯಂಕ ಇದನ್ನು ಸ್ಪಷ್ಟಪಡಿಸುತ್ತದೆ. ಪ್ರೋಮೈಲೊಸೈಟಿಕ್ ವಿಧವನ್ನು ಬಿಟ್ಟು, 15ರಿಂದ 60 ವರ್ಷದೊಳಗೆ ರೋಗ ಪತ್ತೆಯಾದವರಲ್ಲಿ ಮೊದಲ ಬಾರಿ ಮರುಕಳಿಕೆ ಕಂಡ 667 ಮಂದಿಯ ಮಾಹಿತಿಯಿಂದ ಇದನ್ನು ರೂಪಿಸಲಾಯಿತು. ಇದರಲ್ಲಿ ನಾಲ್ಕು ಅಂಶಗಳಿಗೆ ಅಂಕಗಳಿವೆ. ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು.

* ಶಮನದ ಅವಧಿ: 18 ತಿಂಗಳಿಗಿಂತ ಹೆಚ್ಚಾಗಿದ್ದರೆ 0, 7ರಿಂದ 18 ತಿಂಗಳಾದರೆ 3, 6 ತಿಂಗಳು ಅಥವಾ ಕಡಿಮೆಯಾದರೆ 5.
* ಮೊದಲ ಪತ್ತೆಯ ವೇಳೆಯ ವರ್ಣತಂತು: ಇನ್ವ್(16) ಇದ್ದರೆ 0, ಟಿ(8;21) ಇದ್ದರೆ 3, ಉಳಿದವಕ್ಕೆ 5.
* ಮರುಕಳಿಸಿದಾಗಿನ ವಯಸ್ಸು: 35ರವರೆಗೆ 0, 36ರಿಂದ 45ರವರೆಗೆ 1, 45 ಮೀರಿದ್ದರೆ 2.
* ಹಿಂದೆ ಕಸಿ ಆಗಿಲ್ಲದಿದ್ದರೆ 0, ಆಗಿದ್ದರೆ 2.

ಮರುಕಳಿಕೆಯ ನಂತರ ಐದು ವರ್ಷ ಬದುಕಿದವರ ಪ್ರಮಾಣ 6 ಅಂಕಗಳವರೆಗಿನ ಅನುಕೂಲಕರ ಗುಂಪಿನಲ್ಲಿ ಶೇಕಡಾ 46, 7ರಿಂದ 9 ಅಂಕಗಳ ಮಧ್ಯಮ ಗುಂಪಿನಲ್ಲಿ ಶೇಕಡಾ 18, ಹಾಗೂ 10ರಿಂದ 14 ಅಂಕಗಳ ಪ್ರತಿಕೂಲ ಗುಂಪಿನಲ್ಲಿ ಶೇಕಡಾ 4 ಇತ್ತು. ಶಮನದ ಅವಧಿ ಮತ್ತು ವರ್ಣತಂತು ಈ ಎರಡೇ ಅಂಶಗಳಿಗೆ 14ರಲ್ಲಿ 10 ಅಂಕಗಳಿವೆ ಎಂಬುದು ಗಮನಾರ್ಹ. ಇಲ್ಲಿ ಕೇಳಲಾಗುವ ವರ್ಣತಂತು ವಿವರ ಮೊದಲ ಪತ್ತೆಯ ವೇಳೆಯದು. ಹಳೆಯ ವರದಿ ಕಳೆದುಹೋಗಿದ್ದರೆ ಅಥವಾ ಪರೀಕ್ಷೆಯನ್ನೇ ಮಾಡಿಸಿರದಿದ್ದರೆ ಈ ಲೆಕ್ಕ ಅಪೂರ್ಣವಾಗುತ್ತದೆ.

ಎಎಲ್ಎಲ್ ಬಗ್ಗೆ ಬ್ರಿಟನ್ ಮತ್ತು ಅಮೆರಿಕದ ಜಂಟಿ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಮರುಕಳಿಸಿದ 609 ವಯಸ್ಕರಲ್ಲಿ ಐದು ವರ್ಷ ಬದುಕಿದವರು ಶೇಕಡಾ 7 ಮಾತ್ರ. ಕಿರಿಯ ವಯಸ್ಸಿನವರು ಹಾಗೂ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಶಮನದಲ್ಲಿದ್ದವರ ಸ್ಥಿತಿ ಉತ್ತಮವಾಗಿತ್ತು. ಈ ಅಂಕಿಗಳು ಇಂದಿನ ಹೊಸ ಔಷಧಗಳು ಬರುವುದಕ್ಕಿಂತ ಹಿಂದಿನವು ಎಂಬುದನ್ನು ಮರೆಯಬಾರದು.

ಚಿಕಿತ್ಸೆಯ ಮೇಲಿನ ಪರಿಣಾಮ

ಮುನ್ನರಿವು ಶಾಶ್ವತವಾದ ತೀರ್ಪಲ್ಲ. ಚಿಕಿತ್ಸೆ ಸುಧಾರಿಸಿದಂತೆ ಅದೂ ಬದಲಾಗುತ್ತದೆ. ಟಿ(15;17) ಇರುವ ಪ್ರೋಮೈಲೊಸೈಟಿಕ್ ಲ್ಯುಕೇಮಿಯಾ ಒಂದು ಕಾಲದಲ್ಲಿ ರಕ್ತಸ್ರಾವದಿಂದ ಬೇಗನೆ ಸಾವು ತರುತ್ತಿದ್ದ ರೋಗವಾಗಿತ್ತು. ಎ ಜೀವಸತ್ವದಿಂದ ಪಡೆದ ಆಟ್ರಾ ಹಾಗೂ ಆರ್ಸೆನಿಕ್ ಟ್ರೈಆಕ್ಸೈಡ್ ಔಷಧಗಳಿಂದ ಇಂದು ಅದು ಗುಣವಾಗುವ ಸಾಧ್ಯತೆ ಅತಿ ಹೆಚ್ಚಿರುವ ಲ್ಯುಕೇಮಿಯಾಗಳಲ್ಲಿ ಒಂದು. ಮರುಕಳಿಸಿದಾಗಲೂ ಆರ್ಸೆನಿಕ್ ಫಲ ಕೊಡುತ್ತದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಆರ್ಸೆನಿಕ್ ಒಂದನ್ನೇ ಬಳಸಿದ ಚಿಕಿತ್ಸೆಯ ಫಲಿತಾಂಶವನ್ನು 2006ರಲ್ಲಿ ಪ್ರಕಟಿಸಿದರು. ಅಲ್ಪ ವೆಚ್ಚದ ಚಿಕಿತ್ಸೆಯಾಗಿ ಅದು ಗಮನ ಸೆಳೆಯಿತು.

ಫಿಲಡೆಲ್ಫಿಯಾ ವರ್ಣತಂತು ಇರುವ ಎಎಲ್ಎಲ್ ಕೂಡ ಇಂಥದೇ ಉದಾಹರಣೆ. ಇಮ್ಯಾಟಿನಿಬ್, ಡಸಾಟಿನಿಬ್ ಮುಂತಾದ ಮಾತ್ರೆಗಳು ಬಂದ ಮೇಲೆ ಅದರ ಗತಿ ಸುಧಾರಿಸಿತು. ಇದು ಮರುಕಳಿಸಿದಾಗ ಟಿ315ಐ ಎಂಬ ರೂಪಾಂತರ ಬಂದಿದೆಯೇ ಎಂದು ನೋಡುತ್ತಾರೆ. ಬಂದಿದ್ದರೆ ಈ ಎರಡೂ ಮಾತ್ರೆಗಳು ಕೆಲಸ ಮಾಡುವುದಿಲ್ಲ, ಪೊನಾಟಿನಿಬ್ ಬೇಕಾಗುತ್ತದೆ. 11ನೆಯ ವರ್ಣತಂತುವಿನಲ್ಲಿರುವ ಕೆಎಂಟಿ2ಎ ವಂಶವಾಹಿಯ ಸ್ಥಳಾಂತರವಿರುವ ಮರುಕಳಿಸಿದ ಲ್ಯುಕೇಮಿಯಾಕ್ಕೆ ರೆವುಮೆನಿಬ್ ಔಷಧವನ್ನು ಅಮೆರಿಕ 2024ರ ನವೆಂಬರ್‌ನಲ್ಲಿ ಅನುಮೋದಿಸಿತು.

ಮರುಕಳಿಸಿದ ಬಿ-ಕೋಶದ ಎಎಲ್ಎಲ್‌ಗೆ ಬ್ಲಿನಾಟುಮೊಮ್ಯಾಬ್, ಇನೊಟುಜುಮ್ಯಾಬ್ ಹಾಗೂ ಕಾರ್-ಟಿ ಕೋಶ ಚಿಕಿತ್ಸೆ ಲಭ್ಯವಿವೆ. ಮುಂಬಯಿಯ ಐಐಟಿ ಮತ್ತು ಟಾಟಾ ಮೆಮೋರಿಯಲ್ ಕೇಂದ್ರದ ಸಹಯೋಗದಲ್ಲಿ ರೂಪುಗೊಂಡ ನೆಕ್ಸ್‌ಕಾರ್19 ಎಂಬ ಕಾರ್-ಟಿ ಚಿಕಿತ್ಸೆಗೆ ಭಾರತದಲ್ಲಿ 2023ರ ಅಕ್ಟೋಬರ್‌ನಲ್ಲಿ ಅನುಮತಿ ದೊರೆಯಿತು. ಮತ್ತೆ ಶಮನ ಸಾಧಿಸಿದ ಅರ್ಹ ರೋಗಿಗಳಿಗೆ ದಾನಿಯಿಂದ ಅಸ್ಥಿಮಜ್ಜೆ ಕಸಿ ಮಾಡುವುದು ಇಂದಿಗೂ ಪ್ರಮುಖ ಮಾರ್ಗ. ಭಾರತದ ಮೊದಲ ಕಸಿ 1983ರಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ನಡೆಯಿತು.

ಬೀದರ್ ಜಿಲ್ಲೆಯ ಸಂದರ್ಭ

ಕರ್ನಾಟಕದ ಉತ್ತರ ತುದಿಯ ಬೀದರ್ ಜಿಲ್ಲೆಯ ಉದಾಹರಣೆಯಿಂದ, ದೊಡ್ಡ ಪ್ರಯೋಗಾಲಯಗಳಿಂದ ದೂರವಿರುವ ಊರುಗಳ ರೋಗಿಗಳಿಗೆ ಈ ಪರೀಕ್ಷೆ ಹೇಗೆ ಒದಗುತ್ತದೆ ಎಂಬುದನ್ನು ತಿಳಿಯಬಹುದು. ಬೀದರ್ ನಗರದಲ್ಲಿ 2007ರಲ್ಲಿ ಸ್ಥಾಪನೆಯಾದ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಬ್ರಿಮ್ಸ್) ಇದೆ. ಭಾಲ್ಕಿ ಮತ್ತು ಔರಾದ್ ಪಟ್ಟಣಗಳು ಜಿಲ್ಲಾ ಕೇಂದ್ರದಿಂದ ತಲಾ ಸುಮಾರು 40 ಕಿ.ಮೀ. ದೂರದಲ್ಲಿವೆ. ಬೀದರ್‌ನಿಂದ ಬೆಂಗಳೂರು ಸುಮಾರು 700 ಕಿ.ಮೀ., ಹೈದರಾಬಾದ್ ಸುಮಾರು 140 ಕಿ.ಮೀ., ಕಲಬುರಗಿ ಸುಮಾರು 110 ಕಿ.ಮೀ. ದೂರವಿದೆ. 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಈ ಜಿಲ್ಲೆಯ ಜನರಿಗೆ ದೊಡ್ಡ ಕಾಯಿಲೆಗೆ ಹೈದರಾಬಾದಿಗೆ ಹೋಗುವುದು ಇಂದಿಗೂ ರೂಢಿ. ಅಲ್ಲಿ 1955ರಲ್ಲಿ ಆರಂಭವಾದ ಎಂ.ಎನ್.ಜೆ. ಕ್ಯಾನ್ಸರ್ ಸಂಸ್ಥೆ ಹಾಗೂ ನಿಜಾಮ್ಸ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇವೆ. ರಾಜ್ಯದೊಳಗೆ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು 1973ರಲ್ಲಿ ಸ್ಥಾಪನೆಯಾಯಿತು. ಕಲಬುರಗಿಯಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ. 2017ರ ಅಕ್ಟೋಬರ್‌ನಲ್ಲಿ ಆರಂಭವಾದ ಬೀದರ್–ಕಲಬುರಗಿ ರೈಲುಮಾರ್ಗ ಆ ಪ್ರಯಾಣವನ್ನು ಸುಲಭಗೊಳಿಸಿದೆ.

ಕ್ಯಾರಿಯೊಟೈಪ್ ಪರೀಕ್ಷೆಗೆ ಜೀವಂತ ಕೋಶಗಳು ಬೇಕಾದ್ದರಿಂದ ದೂರಕ್ಕೆ ನೇರ ಪರಿಣಾಮವಿದೆ. ಮಜ್ಜೆಯ ಮಾದರಿಯನ್ನು ಹೆಪಾರಿನ್ ಇರುವ ನಳಿಕೆಯಲ್ಲಿ ಸಂಗ್ರಹಿಸಿ, ಹೆಪ್ಪುಗಟ್ಟಲು ಬಿಡದೆ, ಸಾಧ್ಯವಾದಷ್ಟು 24 ಗಂಟೆಯೊಳಗೆ, ತಡವಾದರೂ 48 ಗಂಟೆಯೊಳಗೆ ಪ್ರಯೋಗಾಲಯಕ್ಕೆ ತಲುಪಿಸಬೇಕು. ಇಡಿಟಿಎ ನಳಿಕೆ ಪಿಸಿಆರ್ ಪರೀಕ್ಷೆಗೆ ಸೂಕ್ತ. ಕೋಶಗಳನ್ನು ಬೆಳೆಸುವ ಪರೀಕ್ಷೆಗೆ ತಕ್ಕುದಲ್ಲ. ಬೇಸಿಗೆಯ ಬಿಸಿಲಿನಲ್ಲಿ ಬಸ್ಸಿನಲ್ಲಿ ಸಾಗಿಸಿದ ಅಥವಾ ರಜಾದಿನಗಳಲ್ಲಿ ಉಳಿದುಹೋದ ಮಾದರಿಯಲ್ಲಿ ಕೋಶಗಳು ಬೆಳೆಯದೆ ‘ಫಲಿತಾಂಶ ಸಿಗಲಿಲ್ಲ’ ಎಂಬ ವರದಿ ಬರಬಹುದು. ಇದು ‘ಸಹಜ’ ಎಂಬ ವರದಿಗೆ ಸಮನಲ್ಲ. ಆಗ ಫಿಶ್ ಪರೀಕ್ಷೆಯ ನೆರವು ಪಡೆಯಬೇಕಾಗುತ್ತದೆ ಅಥವಾ ಮತ್ತೆ ಮಾದರಿ ತೆಗೆಯಬೇಕಾಗುತ್ತದೆ. ಕಿಮೋಥೆರಪಿ ಆರಂಭವಾದ ಮೇಲೆ ರೋಗಕಣಗಳು ಕಡಿಮೆಯಾಗುವುದರಿಂದ, ಮಾದರಿಯನ್ನು ಅದಕ್ಕೆ ಮುನ್ನವೇ ತೆಗೆಯುವುದು ಮುಖ್ಯ.

ಒಂದು ಊರಿನಲ್ಲಿ ರೋಗ ಪತ್ತೆಯಾಗಿ, ಇನ್ನೊಂದರಲ್ಲಿ ಚಿಕಿತ್ಸೆ ನಡೆದು, ಮರುಕಳಿಸಿದಾಗ ಮೂರನೆಯದಕ್ಕೆ ಹೋಗುವ ಕುಟುಂಬಗಳಲ್ಲಿ ಹಳೆಯ ಕಾಗದಗಳು ಚದುರಿಹೋಗುತ್ತವೆ. ಮೊದಲ ಮಜ್ಜೆ ಪರೀಕ್ಷೆ, ಕ್ಯಾರಿಯೊಟೈಪ್ ಮತ್ತು ಫಿಶ್ ವರದಿಗಳು, ಕೊಟ್ಟ ಔಷಧಗಳ ಪಟ್ಟಿ, ಶಮನವಾದ ದಿನಾಂಕ ಇವುಗಳ ಪ್ರತಿಗಳನ್ನು ಒಂದೇ ಕಡೆ ಜೋಪಾನವಾಗಿಡುವುದು ಚಿಕಿತ್ಸೆಯ ಭಾಗವೇ ಆಗಿದೆ. ವೆಚ್ಚದ ವಿಷಯದಲ್ಲಿ, ಬಡತನ ರೇಖೆಗಿಂತ ಕೆಳಗಿನವರಿಗಾಗಿ 2010ರಲ್ಲಿ ಉತ್ತರ ಕರ್ನಾಟಕದಲ್ಲಿ ಆರಂಭವಾದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಕ್ಯಾನ್ಸರ್ ಚಿಕಿತ್ಸೆಯನ್ನು ಒಳಗೊಂಡಿತ್ತು. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಜಾರಿಯಲ್ಲಿದೆ. ಹೊರರಾಜ್ಯದ ಆಸ್ಪತ್ರೆಗೆ ಹೋಗುವ ಮುನ್ನ ಅಲ್ಲಿ ಯೋಜನೆ ಅನ್ವಯವಾಗುವುದೇ, ಯಾವ ಶಿಫಾರಸು ಪತ್ರ ಬೇಕು ಎಂಬುದನ್ನು ವಿಚಾರಿಸಿಕೊಳ್ಳುವುದು ಅಗತ್ಯ.

ಅಂಕಿಗಳ ಮಿತಿ

ಮುನ್ನರಿವಿನ ಅಂಕಿಗಳು ದೊಡ್ಡ ಗುಂಪುಗಳ ಸರಾಸರಿಯನ್ನು ಹೇಳುತ್ತವೆ. ಒಬ್ಬ ವ್ಯಕ್ತಿಯ ಆಯುಷ್ಯವನ್ನಲ್ಲ. ಶೇಕಡಾ 18 ಎಂದರೆ ನೂರು ಜನರಲ್ಲಿ 18 ಮಂದಿ ಆ ಅವಧಿಯವರೆಗೆ ಬದುಕಿದ್ದರು ಎಂದರ್ಥ. ಎದುರಿಗಿರುವ ರೋಗಿ ಆ 18ರಲ್ಲಿ ಒಬ್ಬರೇ ಎಂಬುದನ್ನು ವರ್ಣತಂತು ಹೇಳಲಾರದು. ಮೇಲೆ ಹೇಳಿದ ಅಂಕಿಗಳು ಯುರೋಪ್ ಮತ್ತು ಅಮೆರಿಕದ ಆಸ್ಪತ್ರೆಗಳಲ್ಲಿ ಆಯಾ ಕಾಲದಲ್ಲಿ ಚಿಕಿತ್ಸೆ ಪಡೆದವರವು. ಸೋಂಕು, ಪೌಷ್ಟಿಕತೆ, ಆಸ್ಪತ್ರೆ ತಲುಪಲು ಹಿಡಿಯುವ ಸಮಯ, ಚಿಕಿತ್ಸೆಯನ್ನು ಪೂರ್ತಿಗೊಳಿಸುವ ಶಕ್ತಿ ಇವೂ ಫಲಿತಾಂಶವನ್ನು ನಿರ್ಧರಿಸುತ್ತವೆ. ಪ್ರತಿಕೂಲ ವರದಿ ಬಂದಾಗ ಗುಣಪಡಿಸುವ ಪ್ರಯತ್ನದ ಜೊತೆಗೆ ನೋವು ಮತ್ತು ಸಂಕಟವನ್ನು ತಗ್ಗಿಸುವ ಉಪಶಾಮಕ ಆರೈಕೆಯ ಬಗ್ಗೆಯೂ ವೈದ್ಯರು, ರೋಗಿ ಮತ್ತು ಮನೆಯವರು ಮುಕ್ತವಾಗಿ ಮಾತನಾಡುವುದಕ್ಕೆ ಈ ಮಾಹಿತಿ ನೆರವಾಗುತ್ತದೆ.

ಇವನ್ನೂ ನೋಡಿ

* ಲ್ಯುಕೇಮಿಯಾ
* ವರ್ಣತಂತು
* ಅಸ್ಥಿಮಜ್ಜೆ ಕಸಿ
* ಫಿಲಡೆಲ್ಫಿಯಾ ವರ್ಣತಂತು
* ಬೀದರ್ ಜಿಲ್ಲೆ